ಟ್ಯಾಲಿ ತೋರಿಸುವ ಸರಾಸರಿ ದರ ಕೈಲೆಕ್ಕಕ್ಕೆ ಯಾಕೆ ತಾಳೆಯಾಗುವುದಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ಕೊಂಡು ಮಾರುತ್ತೀರಿ. ಪ್ರತಿ ಖರೀದಿಯಾದ ಮೇಲೆ ನೋಟ್‌ಬುಕ್ಕಿನಲ್ಲಿ ಸರಾಸರಿ ಹಾಕುತ್ತೀರಿ. ಮಾರ್ಚ್ 31ಕ್ಕೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಪ್ರೈಮ್ ಬೇರೆಯೇ ಮೊತ್ತ ತೋರಿಸುತ್ತದೆ. ತಪ್ಪು ಯಾರದು?

ಎಂಟ್ರಿಗಳು ಸರಿ ಇದ್ದರೆ ತಪ್ಪು ಯಾರದೂ ಅಲ್ಲ. ಸರಾಸರಿ ಹಾಕುವ ರೀತಿ ಎರಡಿವೆ. ನಿಮ್ಮದು ಒಂದು, ಟ್ಯಾಲಿಯ 'ಆವರೇಜ್ ಕಾಸ್ಟ್' ಇನ್ನೊಂದು.

ಏಪ್ರಿಲ್ 1ಕ್ಕೆ 40 ಕ್ವಿಂಟಲ್ ಇತ್ತು ಅನ್ನೋಣ, ಕ್ವಿಂಟಲ್‌ಗೆ 24,000 ರೂಪಾಯಿಯಂತೆ 9,60,000. ಜನವರಿಯಲ್ಲಿ 60 ಕ್ವಿಂಟಲ್, 30,000ದಂತೆ 18,00,000. ಈಗ 100 ಕ್ವಿಂಟಲ್‌ಗೆ 27,60,000, ಸರಾಸರಿ 27,600. ಫೆಬ್ರವರಿಯಲ್ಲಿ 70 ಕ್ವಿಂಟಲ್ ಮಾರಿದಿರಿ. ಉಳಿದ 30ರ ಅಸಲು 8,28,000. ಮಾರ್ಚ್‌ನಲ್ಲಿ 36,000ದಂತೆ 20 ಕ್ವಿಂಟಲ್ ತಂದಿರಿ, 7,20,000. ನೋಟ್‌ಬುಕ್ಕಿನ ಪ್ರಕಾರ 50 ಕ್ವಿಂಟಲ್‌ಗೆ 15,48,000, ಅಂದರೆ ದರ 30,960.

ಟ್ಯಾಲಿ ನಡುವಿನ ಮಾರಾಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರಂಭದ ದಾಸ್ತಾನು ಮತ್ತು ಒಳಬಂದ ಎಲ್ಲ ಮಾಲನ್ನು ಕೂಡಿಸುತ್ತದೆ: 120 ಕ್ವಿಂಟಲ್, 34,80,000. ದರ 29,000, ಉಳಿಕೆ 50 ಕ್ವಿಂಟಲ್‌ಗೆ 14,50,000. ವ್ಯತ್ಯಾಸ 98,000 ರೂಪಾಯಿ. ಅದು ಎಲ್ಲೂ ಕಳೆದುಹೋಗಿಲ್ಲ, ಮಾರಿದ 70 ಕ್ವಿಂಟಲ್‌ನ ಅಸಲಿಗೆ ಸೇರಿಕೊಂಡಿದೆ. ಇದೇ ಕಾರಣಕ್ಕೆ ಫೆಬ್ರವರಿ ಕೊನೆಗೆ ನೋಡಿದ ಲಾಭ ಮಾರ್ಚ್ ಖರೀದಿ ಏರಿಸಿದ ಮೇಲೆ ಬದಲಾಗುತ್ತದೆ. (24, 30, 36 ಸಾವಿರ ಕೂಡಿಸಿ ಮೂರರಿಂದ ಭಾಗಿಸುವವರೂ ಇದ್ದಾರೆ. ತೂಕವನ್ನೇ ನೋಡದ ಆ ಲೆಕ್ಕ ಮಾತ್ರ ಪೂರ್ತಿ ತಪ್ಪು.)

ಅವಧಿಗೊಮ್ಮೆ ಹಾಕುವ ಸರಾಸರಿಯನ್ನೂ ಪ್ರತಿ ಲೋಡಿಗೆ ಹಾಕುವ ಸರಾಸರಿಯನ್ನೂ ಲೆಕ್ಕಪತ್ರ ಮಾನದಂಡ ಎಎಸ್ 2 ಒಪ್ಪುತ್ತದೆ. ವರ್ಷದಿಂದ ವರ್ಷಕ್ಕೆ ಅದಲುಬದಲು ಮಾಡಬಾರದು, ಅಷ್ಟೆ. ಪ್ರತಿ ಲೋಡಿನ ಸರಾಸರಿಯೇ ಬೇಕೆಂದರೆ ಇಆರ್‌ಪಿನೆಕ್ಸ್ಟ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ 'ಮೂವಿಂಗ್ ಆವರೇಜ್' ಇದೆ. ಟ್ಯಾಲಿಯಲ್ಲೇ ಇರುವುದಾದರೆ ಐಟಂ ಆಲ್ಟರ್ ಮಾಡಿ, ಎಫ್12ರಲ್ಲಿ ಕಾಸ್ಟಿಂಗ್ ಮೆಥಡ್ ಕಾಣುವಂತೆ ಮಾಡಿ, ಯಾವುದು ಆಯ್ಕೆಯಾಗಿದೆ ನೋಡಿ. ಪಟ್ಟಿಯಲ್ಲಿ ಲಿಫೋ (ಕೊನೆಗೆ ಬಂದ ಮಾಲು ಮೊದಲು ಹೋಯಿತೆಂದು ಹಿಡಿಯುವ ಲೆಕ್ಕ) ಕೂಡ ಇದೆ. ಎಎಸ್ 2 ಅದನ್ನು ಒಪ್ಪುವುದಿಲ್ಲ, ಮುಟ್ಟಬೇಡಿ.

ನನ್ನ ಪ್ರಕಾರ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ವಿಧಾನದ ಬಗ್ಗೆ ಅಲ್ಲ, ದರದೊಳಗೆ ಏನೇನು ಸೇರಿದೆ ಎಂಬುದರ ಬಗ್ಗೆ. ಲಾರಿ ಬಾಡಿಗೆ, ಹಮಾಲಿ, ಖರೀದಿಯ ದಲಾಲಿ, ವಾಪಸ್ ಬಾರದ ಮಾರುಕಟ್ಟೆ ಸೆಸ್ ಇವೆಲ್ಲ ಮಾಲಿನ ಅಸಲಿಗೇ ಸೇರಬೇಕು. ಪರ್ಚೇಸ್ ವೋಚರ್ ಟೈಪ್‌ನಲ್ಲಿ 'ಟ್ರ್ಯಾಕ್ ಅಡಿಷನಲ್ ಕಾಸ್ಟ್ಸ್ ಫಾರ್ ಪರ್ಚೇಸಸ್' ಯೆಸ್ ಮಾಡಿ. ಈ ಖರ್ಚುಗಳ ಲೆಡ್ಜರನ್ನು ಡೈರೆಕ್ಟ್ ಎಕ್ಸ್‌ಪೆನ್ಸಸ್ ಕೆಳಗೆ ತೆರೆದು, ಬಾಡಿಗೆ ಮತ್ತು ಹಮಾಲಿಗೆ ಕ್ವಾಂಟಿಟಿ ಮೇಲೆ, ದಲಾಲಿ ಮತ್ತು ಸೆಸ್‌ಗೆ ವ್ಯಾಲ್ಯೂ ಮೇಲೆ ಹಂಚಿಕೆ ಕೊಡಿ. 60 ಕ್ವಿಂಟಲ್‌ಗೆ ಬಾಡಿಗೆ, ಹಮಾಲಿ ಸೇರಿ 9,000 ಆದರೆ ಕ್ವಿಂಟಲ್‌ಗೆ 150 ಏರುತ್ತದೆ.

ಕ್ರೆಡಿಟ್ ಸಿಗುವ, ಅಂದರೆ ನೀವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ, ಖರೀದಿಯ ಜಿಎಸ್‌ಟಿ ದರದಲ್ಲಿ ಸೇರಬಾರದು. ಒಣಮೆಣಸಿನಕಾಯಿಗೆ ತೆರಿಗೆ 5%. ಬಿಲ್ ಮೊತ್ತವನ್ನೇ ದರವಾಗಿ ಹೊಡೆದರೆ 30,000ದ ಮಾಲು 31,500 ಆಗಿ ಕೂರುತ್ತದೆ. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಕ್ರೆಡಿಟ್ ಇಲ್ಲ, ಆಗ ಸೇರಿಸಲೇಬೇಕು.

ಕೋಲ್ಡ್ ಸ್ಟೋರೇಜ್ ಬಾಡಿಗೆಯನ್ನೂ ಸೇರಿಸಬೇಕು ಎಂದು ನಿಮ್ಮ ಕಡೆ ಬಹಳ ಜನ ನಂಬಿದ್ದಾರೆ. ಕೊಂಡದ್ದನ್ನು ಹಾಗೇ ಮಾರುವ ವ್ಯಾಪಾರಿಗೆ ಅದು ದಾಸ್ತಾನಿನ ಅಸಲಲ್ಲ, ಆ ವರ್ಷದ ಖರ್ಚು. ಸೇರಿಸಿದರೆ ಮಾರದೆ ಉಳಿದ ಮಾಲಿನ ಬೆಲೆ ತಿಂಗಳು ತಿಂಗಳು ಕಾಗದದ ಮೇಲೆ ಏರುತ್ತಾ ಹೋಗುತ್ತದೆ.

ತೂಕದ ಮಾತು. 1,000 ಕೆಜಿಗೆ ದುಡ್ಡು ಕೊಟ್ಟು, ಗೋದಾಮಿನಲ್ಲಿ ತೂಗಿದಾಗ 985 ಬಂದರೆ ಎಫ್11ರಲ್ಲಿ ಆಕ್ಚುವಲ್ (ನಿಜವಾಗಿ ಬಂದ) ಮತ್ತು ಬಿಲ್ಡ್ (ಬಿಲ್ಲಿನಲ್ಲಿರುವ) ಕ್ವಾಂಟಿಟಿ ಬೇರೆ ಬೇರೆ ಕಾಲಂ ಮಾಡಿಕೊಳ್ಳಿ. ಬಿಲ್ಡ್ 1,000, ಆಕ್ಚುವಲ್ 985 ಹಾಕಿದರೆ ಕೆಜಿ ದರ ತಾನೇ ಏರುತ್ತದೆ, ಏರಲೇಬೇಕು. ಮಳೆಗೆ ನೆನೆದು ಹಾಳಾದದ್ದು ಹಾಗಲ್ಲ. ಅದನ್ನು ನಷ್ಟಕ್ಕೆ ಬರೆಯಿರಿ.

ಬ್ಯಾಡಗಿಯ ಡಬ್ಬಿ, ಕಡ್ಡಿ ತಳಿಗಳೆರಡನ್ನೂ 'ಮೆಣಸಿನಕಾಯಿ' ಎಂದು ಒಂದೇ ಐಟಂ ಮಾಡಿದ್ದರೆ ಮೊದಲು ಬೇರೆ ಮಾಡಿ. ಬೆಲೆ ಬೇರೆ ಇರುವ ಎರಡು ಮಾಲಿನ ಸರಾಸರಿ ಎರಡಕ್ಕೂ ಸುಳ್ಳು.

ದರ ಇನ್ನೂ ವಿಚಿತ್ರವಾಗಿದ್ದರೆ ಸ್ಟಾಕ್ ಸಮರಿಯಿಂದ ಐಟಂ ಒಳಗೆ, ತಿಂಗಳ ಒಳಗೆ, ವೋಚರ್‌ವರೆಗೆ ಇಳಿದು ಒಳಬಂದ ಸಾಲುಗಳನ್ನಷ್ಟೇ ನೋಡಿ. ಸಾಮಾನ್ಯವಾಗಿ ಸಿಗುವುದು ಇವು: ಯೂನಿಟ್ ಕೆಜಿ ಇರುವ ಕಡೆ ಕ್ವಿಂಟಲ್ ದರ, ಅಂದರೆ ನೂರು ಪಟ್ಟು; ಬಿಲ್ ಆಮೇಲೆ ಬರುತ್ತದೆಂದು ಸೊನ್ನೆ ದರದಲ್ಲಿ ಹಾಕಿ ಮರೆತ ಲೋಡು; ಖರೀದಿಗೆ ಮೊದಲಿನ ತಾರೀಖಿನ ಮಾರಾಟ. ಮೂರನೆಯದರಿಂದ ದಾಸ್ತಾನು ಮೈನಸ್ಸಿಗೆ ಹೋಗುತ್ತದೆ. ಅದು ಪ್ಲಸ್ ಆಗುವವರೆಗೆ ಆ ಐಟಂನ ದರವನ್ನು ನಂಬಬೇಡಿ.

ಮಾರ್ಚ್ ಕೊನೆಗೆ ಪೇಟೆ ಇಳಿದಿದ್ದರೆ ಇನ್ನೊಂದು ಕೆಲಸವಿದೆ. ಅಸಲು 29,000 ಇದ್ದು, ಮಾರುವ ಖರ್ಚು ಕಳೆದು ಕೈಗೆ 26,000 ಮಾತ್ರ ಸಿಗುವಂತಿದ್ದರೆ ಉಳಿಕೆಯನ್ನು 26,000ಕ್ಕೇ ಹಿಡಿಯಬೇಕು. ಆವರೇಜ್ ಕಾಸ್ಟ್ ಆಯ್ಕೆ ಇದನ್ನು ತಾನಾಗಿ ಮಾಡುವುದಿಲ್ಲ, ನೀವೇ ಇಳಿಸಬೇಕು.