ದಿಲ್ಲಿಯ ದೊಡ್ಡವರ ಮೇಲೆ ದೂರು ಬರೆಯುವ ಮೊದಲು

ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ದಿಲ್ಲಿಯಲ್ಲಿ ಕುಳಿತವರನ್ನು ನಮ್ಮ ಜಿಲ್ಲೆಯಿಂದ ಹಿಡಿದು ಕೇಳುವುದು ಹೇಗೆ? ಸಿಟ್ಟು ನ್ಯಾಯವಾದದ್ದೇ. ಆದರೆ ಅದರ ಜೊತೆ ಲಗತ್ತಿಸಿದ್ದನ್ನು ನೋಡಿದರೆ ತಲೆಬಿಸಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಬಂದ ಒಂದು ಚಿತ್ರ, ಟಿವಿ ಚರ್ಚೆಯ ತುಣುಕು, ಕೆಳಗೆ 'ಇವರನ್ನು ಜೈಲಿಗೆ ಹಾಕಿಸಿ' ಎಂಬ ಸಾಲು. ಇದನ್ನಿಟ್ಟುಕೊಂಡು ಯಾವ ವಕೀಲನೂ ಏನೂ ಮಾಡಲಾರ. ಈ ಸಲ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ. ಆರ್‌ಟಿಐ ಅಂದರೆ ಮಾಹಿತಿ ಹಕ್ಕು ಕಾಯ್ದೆ, ಲೋಕಪಾಲ ಅಂದರೆ ಕೇಂದ್ರದವರ ಭ್ರಷ್ಟಾಚಾರದ ದೂರು ನೋಡುವ ಸಂಸ್ಥೆ; ಇದಕ್ಕಿಂತ ಹೆಚ್ಚು ಮತ್ತೆ ವಿವರಿಸುವುದಿಲ್ಲ.

ಪ್ರಶ್ನೆ: 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಎರಡೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಇದರ ಹಿಂದೆ ದುಡ್ಡು ತಿಂದಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ. ಕೇಂದ್ರ ಮಂತ್ರಿಯ ಮೇಲೆ ನಾನು ಲೋಕಪಾಲಕ್ಕೆ ದೂರು ಕೊಡಬಹುದೇ?
– ಅಂಕೋಲಾದ ಓದುಗರು

ಉತ್ತರ: ಕೊಡಬಹುದು. ಕೇಂದ್ರ ಮಂತ್ರಿ, ಸಂಸದರು, ಹೆದ್ದಾರಿ ಪ್ರಾಧಿಕಾರದ ಅಧಿಕಾರಿಗಳು ಎಲ್ಲರೂ 2013ರ ಲೋಕಪಾಲ ಕಾಯ್ದೆಯ ಒಳಗೆ ಬರುತ್ತಾರೆ. ಪ್ರಧಾನಿಯೂ ಬರುತ್ತಾರೆ. ಆದರೆ ಅವರ ವಿಷಯಕ್ಕೆ ಲೋಕಪಾಲದ ಪೂರ್ಣ ಪೀಠ ಕೂರಬೇಕು, ಮೂರರಲ್ಲಿ ಎರಡು ಭಾಗ ಸದಸ್ಯರು ಒಪ್ಪಬೇಕು. ವಿದೇಶ ಸಂಬಂಧ, ದೇಶದ ಭದ್ರತೆ, ಅಣುಶಕ್ತಿ, ಬಾಹ್ಯಾಕಾಶದಂಥ ವಿಷಯಗಳಲ್ಲಿ ಅವರ ಮೇಲೆ ತನಿಖೆ ಇಲ್ಲ.

ನೀವು ಕೊಡಬಾರದು ಅಂತ ನಾನು ಹೇಳುವುದು ಬೇರೆ ಕಾರಣಕ್ಕೆ. 'ಎಲ್ಲರೂ ಹೇಳುತ್ತಾರೆ' ಎಂಬುದು ದೂರು ಅಲ್ಲ. ಶಿರೂರಿನ ಗುಡ್ಡ ಹೆದ್ದಾರಿ ಪಕ್ಕದ ಚಹಾ ಅಂಗಡಿಯನ್ನೇ ಗಂಗಾವಳಿ ನದಿಗೆ ತಳ್ಳಿದ್ದನ್ನು ಈ ಜಿಲ್ಲೆ ಮರೆಯುವುದಿಲ್ಲ. ಆದರೆ ಗುಡ್ಡ ಕಡಿದ ರೀತಿ ತಪ್ಪಿದ್ದರೆ ಅದು ನಿರ್ಲಕ್ಷ್ಯ. ನಿರ್ಲಕ್ಷ್ಯಕ್ಕೆ ದಾರಿ ಬೇರೆ: ಪೊಲೀಸ್ ಪ್ರಕರಣ, ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಪರಿಹಾರದ ದಾವೆ. ಲೋಕಪಾಲದ ಬಾಗಿಲು ಲಂಚದ, ಅಕ್ರಮ ಸಂಪಾದನೆಯ ಪ್ರಕರಣಕ್ಕೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದ ಮೇಲೆ ಇದು ಇನ್ನೂ ಬಿಗಿಯಾಗಿದೆ. ಹುದ್ದೆ ಬಳಸಿ ಬೇರೆಯವರಿಗೆ ಲಾಭ ಮಾಡಿಕೊಟ್ಟರು ಅನ್ನುವುದಷ್ಟೇ ಈಗ ಸಾಲದು. ಲಂಚ ಪಡೆದದ್ದು, ಸರ್ಕಾರದ ಆಸ್ತಿ ನುಂಗಿದ್ದು, ಇಲ್ಲವೇ ಅಕ್ರಮವಾಗಿ ಆಸ್ತಿ ಮಾಡಿದ್ದು ಕಾಣಬೇಕು. ಈ ತಿದ್ದುಪಡಿ ನನಗೆ ಸರಿ ಕಾಣುವುದಿಲ್ಲ. ಆದರೂ ಕಾನೂನು ಈಗ ಇರುವುದು ಹಾಗೆಯೇ.

ಇನ್ನೊಂದು ವಿಷಯ. ತಪ್ಪು ನಡೆದು ಏಳು ವರ್ಷ ದಾಟಿದರೆ ಲೋಕಪಾಲ ಆ ದೂರನ್ನು ಮುಟ್ಟುವುದಿಲ್ಲ. ಹೆದ್ದಾರಿಯ ಮೂಲ ಗುತ್ತಿಗೆಗೆ ಹತ್ತು ವರ್ಷ ದಾಟಿದೆ. ಹಾಗಾಗಿ ಗುತ್ತಿಗೆ ಕೊಟ್ಟ ರೀತಿಯ ಬಗ್ಗೆ ಈಗ ಬರೆದು ಉಪಯೋಗವಿಲ್ಲ. ಆಮೇಲಿನ ಬಿಲ್ಲು, ಟೋಲ್, ನಿರ್ವಹಣೆ, ದಂಡ ಮನ್ನಾ, ಇವುಗಳ ಮೇಲೆ ಕಣ್ಣಿಡಿ. ಸುಳ್ಳು ದೂರು ಎಂದು ಸಾಬೀತಾದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಹೆಸರಿಲ್ಲದ ದೂರು ನಡೆಯುವುದಿಲ್ಲ, ಪ್ರಮಾಣಪತ್ರ ಬೇಕು.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಕಾಗದ ತೆಗೆಸುವುದು. ಶಿರಸಿಯ ಅಡಿಕೆ ಮಂಡಿಯಲ್ಲಿ ತೂಕದ ಚೀಟಿ ಇಲ್ಲದೆ ಯಾರಾದರೂ ದುಡ್ಡಿನ ಜಗಳಕ್ಕೆ ಹೋಗುತ್ತಾರಾ? ಇದೂ ಹಾಗೇ. ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು. ಹಾಗಾಗಿ ಆರ್‌ಟಿಐ ಅರ್ಜಿಯನ್ನು ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲೇ ಹಾಕಿ, ಶುಲ್ಕ 10 ರೂಪಾಯಿ. ಕನ್ನಡದಲ್ಲಿ ಬರೆದ ಅರ್ಜಿಯನ್ನು ತಿರಸ್ಕರಿಸುವ ಹಾಗಿಲ್ಲ. ಕಾಯ್ದೆಯ ಆರನೇ ಸೆಕ್ಷನ್ನಿನಲ್ಲೇ ಆ ಪ್ರದೇಶದ ಅಧಿಕೃತ ಭಾಷೆಗೆ ಅವಕಾಶ ಇದೆ. ಬಹಳ ಜನ ಎಡವುವುದು ಪ್ರಶ್ನೆ ಬರೆಯುವಲ್ಲಿ. 'ಗುಡ್ಡ ಯಾಕೆ ಕುಸಿಯಿತು, ಯಾರು ಹೊಣೆ?' ಎಂದು ಕೇಳುತ್ತಾರೆ. ಆರ್‌ಟಿಐ ಕಾರಣ ಹೇಳುವುದಿಲ್ಲ, ದಾಖಲೆ ಕೊಡುತ್ತದೆ. ಹೀಗೆ ಕೇಳಿ: ಶಿರೂರು ಭಾಗದ ಗುಡ್ಡದ ಇಳಿಜಾರು ರಕ್ಷಣೆಗೆ ಮಂಜೂರಾದ ಅಂದಾಜು ಪಟ್ಟಿಯ ಪ್ರತಿ. ಸ್ವತಂತ್ರ ಎಂಜಿನಿಯರ್ ಕೊಟ್ಟ ತಿಂಗಳ ವರದಿಗಳು, 2022ರಿಂದ 2024ರ ಜುಲೈವರೆಗೆ. ಗುತ್ತಿಗೆದಾರರಿಗೆ ಕಳಿಸಿದ ನೋಟಿಸುಗಳು. ವಸೂಲು ಮಾಡಿದ ದಂಡದ ಲೆಕ್ಕ, ಮನ್ನಾ ಮಾಡಿದ್ದರೆ ಆ ಆದೇಶ ಮತ್ತು ಅದರ ಕೆಳಗಿನ ಸಹಿ. ಕಾಮಗಾರಿಯನ್ನು ಸ್ವತಃ ಪರಿಶೀಲಿಸುವ, ಮಾದರಿ ತೆಗೆಯುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಅದನ್ನು ಬಳಸುವವರೇ ಇಲ್ಲ, ಇದು ನನಗೆ ತುಂಬಾ ಬೇಸರದ ವಿಷಯ.

ಮೂವತ್ತು ದಿನ ಕಾಯಿರಿ. ಉತ್ತರ ಬರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಇಲ್ಲಿ ಸುಸ್ತಾಗಿ ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಬೇಕಾದ ಕಾಗದ ಹೆಚ್ಚಾಗಿ ಸಿಗುವುದೇ ಮೇಲ್ಮನವಿಯಲ್ಲಿ.

ಅದು ಕೈಗೆ ಬಂದ ಮೇಲೆ ನಮ್ಮ ಸಂಸದರ ಬಳಿ ಹೋಗಿ. ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಂಡು ಬರಬೇಡಿ. ಲೋಕಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಬರೆದುಕೊಂಡು ಹೋಗಿ. ಪ್ರಶ್ನೆ ಅಂಗೀಕಾರವಾಗಿ ಪಟ್ಟಿಗೆ ಬಂತು ಅಂದರೆ ಮಂತ್ರಿ ಸದನಕ್ಕೆ ಉತ್ತರ ಕೊಡಬೇಕು. ಆ ಉತ್ತರವೂ ದಾಖಲೆ. ಅದು ನಿಮ್ಮ ಕೈಯಲ್ಲಿರುವ ಕಾಗದಕ್ಕೆ ತಾಳೆಯಾಗದಿದ್ದರೆ, ಆಗ ನಿಮ್ಮ ಹತ್ತಿರ ಕೇಳುವುದಕ್ಕೆ ಏನೋ ಇದೆ ಎಂದರ್ಥ.

ಕಾಗದ ಕಾಗದ ಅಂತ ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅಂತ ಕೇಳಬಹುದು. ದೇಶದ ದೊಡ್ಡ ಪ್ರಕರಣಗಳನ್ನು ನೋಡಿ. ಮೊಬೈಲ್ ಕಂಪನಿಗಳಿಗೆ ಲೈಸೆನ್ಸ್ ಹಂಚಿದ 2ಜಿ ಹಗರಣದಲ್ಲಿ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ಪರಿಶೋಧಕರ ವರದಿ ಬಂತು, ಮಂತ್ರಿ ರಾಜೀನಾಮೆ ಕೊಟ್ಟರು, 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. ಆದರೆ 2017ರಲ್ಲಿ ವಿಚಾರಣಾ ಕೋರ್ಟು ಎಲ್ಲರನ್ನೂ ಬಿಡುಗಡೆ ಮಾಡಿತು. ಕಾನೂನಿಗೆ ಒಪ್ಪುವ ಸಾಕ್ಷ್ಯಕ್ಕಾಗಿ ವರ್ಷಗಟ್ಟಲೆ ಕಾದೆ, ಯಾರೂ ತರಲಿಲ್ಲ ಎಂದು ನ್ಯಾಯಾಧೀಶರು ತೀರ್ಪಿನಲ್ಲೇ ಬರೆದರು. ಅದರ ಮೇಲ್ಮನವಿಯನ್ನು ದಿಲ್ಲಿ ಹೈಕೋರ್ಟ್ ವಿಚಾರಣೆಗೆ ಒಪ್ಪಿಕೊಂಡದ್ದು 2024ರಲ್ಲಿ. ಇನ್ನೊಂದು ಕಡೆ ಜಯಲಲಿತಾ ಅವರ ಆಸ್ತಿ ಪ್ರಕರಣ. 1996ರಲ್ಲಿ ಸುಬ್ರಮಣಿಯನ್ ಸ್ವಾಮಿ ಕೊಟ್ಟ ಖಾಸಗಿ ದೂರಿನಿಂದ ಶುರುವಾಯಿತು. ಅದು ಆಸ್ತಿ ಮತ್ತು ಆದಾಯದ ಲೆಕ್ಕದ ಮೇಲೆ ನಿಂತ ಪ್ರಕರಣ. ಬೆಂಗಳೂರಿನ ವಿಶೇಷ ಕೋರ್ಟು 2014ರಲ್ಲಿ ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಡುಗಡೆ ಮಾಡಿತು, 2017ರಲ್ಲಿ ಸುಪ್ರೀಂ ಕೋರ್ಟು ವಿಶೇಷ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು.

ದೂರ ಯಾಕೆ, ನಿಮ್ಮ ತಾಲೂಕಿನ ಬೇಲೆಕೇರಿಯನ್ನೇ ನೋಡಿ. 2010ರಲ್ಲಿ ಅರಣ್ಯ ಇಲಾಖೆ ವಶಪಡಿಸಿಕೊಂಡ ಲಕ್ಷಾಂತರ ಟನ್ ಅದಿರು ಬಂದರಿನಿಂದಲೇ ಹಡಗು ಹತ್ತಿ ಹೋಯಿತು. ಅದನ್ನು ಹಿಡಿದ ಅಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಹಿಂಪಡೆದರು. 2024ರ ಅಕ್ಟೋಬರ್‌ನಲ್ಲಿ ಜನಪ್ರತಿನಿಧಿಗಳ ವಿಶೇಷ ಕೋರ್ಟು ಕಾರವಾರದ ಶಾಸಕ ಸತೀಶ್ ಸೈಲ್ ಸೇರಿದಂತೆ ಹಲವರಿಗೆ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟು ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಂತೂ ವಿಚಾರಣಾ ಕೋರ್ಟಿನ ತೀರ್ಪು ಬರಲಿಕ್ಕೇ ಹದಿನಾಲ್ಕು ವರ್ಷ. ಅಷ್ಟು ವರ್ಷ ಹಿಡಿದು ನಿಲ್ಲುವುದು ದಾಖಲೆ ಮಾತ್ರ. ಬಾಯಿಮಾತಿನ ಸಾಕ್ಷಿ ಅಷ್ಟರೊಳಗೆ ಊರು ಬಿಟ್ಟಿರುತ್ತಾನೆ, ಇಲ್ಲವೇ ಮಾತು ಬದಲಿಸಿರುತ್ತಾನೆ.

ಕೊನೆಗೊಂದು ಎಚ್ಚರಿಕೆ. ಕಾಗದ ಕೈಗೆ ಬಂದ ಕೂಡಲೇ ಫೇಸ್‌ಬುಕ್‌ನಲ್ಲಿ ಹಾಕಿ 'ಕಳ್ಳ' ಎಂದು ಬರೆಯಬೇಡಿ. ಮಾನಹಾನಿಗೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ದೂರು ಮೊದಲು ದಾಖಲಾಗಲಿ. ಒಬ್ಬರೇ ಹೋಗಬೇಡಿ, ಊರಿನ ನಾಲ್ಕು ಜನ ಬೇರೆ ಬೇರೆ ಅರ್ಜಿ ಹಾಕಿ. ನಾನು ಹೆದರಿಸುತ್ತಿದ್ದೇನೆ ಅನಿಸಿದರೂ ಪರವಾಗಿಲ್ಲ. ಒಂಟಿಯಾಗಿ ನಿಂತವರನ್ನು ಮಟ್ಟ ಹಾಕುವುದು ಎಷ್ಟು ಸುಲಭ ಅಂತ ನೋಡಿದ್ದೇನೆ.

ಪ್ರಶ್ನೆ: ನೋಟಾಗೆ ಎಲ್ಲರಿಗಿಂತ ಜಾಸ್ತಿ ಮತ ಬಿದ್ದರೆ ಲೋಕಸಭೆಗೆ ಮರುಚುನಾವಣೆ ಆಗುತ್ತದಂತೆ, ಹೌದಾ?
– ಶಿರಸಿ

ಉತ್ತರ: ಇಲ್ಲ. ಆಗಲೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಆ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಪ್ರಶ್ನೆ: ಸಂಸದರನ್ನು ವಾಪಸ್ ಕರೆಸಲು ಎಷ್ಟು ಸಹಿ ಬೇಕು?
– ಕುಮಟಾ

ಉತ್ತರ: ಅಂಥ ಕಾನೂನೇ ನಮ್ಮಲ್ಲಿಲ್ಲ.

ಪ್ರಶ್ನೆ: ಭ್ರಷ್ಟಾಚಾರ ವಿರೋಧಿ ಸಂಸ್ಥೆಯೊಂದು ದುಡ್ಡು ಕಟ್ಟಿದರೆ ತಾಲೂಕು ಅಧ್ಯಕ್ಷ ಎಂಬ ಗುರುತಿನ ಚೀಟಿ ಕೊಡುತ್ತದೆ. ಅದನ್ನು ತೋರಿಸಿದರೆ ಅಧಿಕಾರಿಗಳು ಫೈಲು ಕೊಡಲೇಬೇಕಂತೆ. ಸೇರಬಹುದೇ?
– ಹೊನ್ನಾವರ

ಉತ್ತರ: ಬೇಡ. ಆ ಚೀಟಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಫೈಲು ನೋಡುವ ಹಕ್ಕು ನಿಮಗೆ ನಾಗರಿಕರಾಗಿ ಆಗಲೇ ಇದೆ, ಹತ್ತು ರೂಪಾಯಿಗೆ. ಇಂಥ ಚೀಟಿ ಹಿಡಿದು ಕಚೇರಿಗೆ ನುಗ್ಗಿ, ಅಧಿಕಾರಿಯನ್ನು ಹೆದರಿಸಿ, ಆಮೇಲೆ ರಾಜಿ ಮಾಡಿಕೊಂಡು ದುಡ್ಡು ಎಣಿಸುವವರು ಭ್ರಷ್ಟಾಚಾರಕ್ಕೆ ಇನ್ನೊಂದು ಕೈ ಸೇರಿಸುತ್ತಿದ್ದಾರೆ ಅಷ್ಟೇ. ಅವರಿಂದಾಗಿ ಪ್ರಾಮಾಣಿಕವಾಗಿ ಅರ್ಜಿ ಹಾಕುವವರನ್ನೂ ಕಚೇರಿಗಳಲ್ಲಿ ವಸೂಲಿಯವರ ಹಾಗೆ ನೋಡುತ್ತಾರೆ. ನನಗೆ ಅವರ ಮೇಲೆ ಇರುವಷ್ಟು ಕೋಪ ಲಂಚ ತಿನ್ನುವ ಗುಮಾಸ್ತನ ಮೇಲೂ ಇಲ್ಲ.

ಪ್ರಶ್ನೆ: ನಮ್ಮ ರಾಮಕೃಷ್ಣ ಹೆಗಡೆಯವರು ಆರೋಪ ಬಂದ ಕೂಡಲೇ ಕುರ್ಚಿ ಬಿಟ್ಟರು. ಈಗಿನವರಿಗೆ ಆ ನಾಚಿಕೆ ಯಾಕಿಲ್ಲ?
– ಸಿದ್ದಾಪುರ

ಉತ್ತರ: ಹೆಗಡೆಯವರು ನಿಮ್ಮ ತಾಲೂಕಿನವರು, ಅಭಿಮಾನ ಸಹಜ. ಆದರೆ ಪೂರ್ತಿ ಹೇಳೋಣ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಬಗ್ಗೆ ಹೈಕೋರ್ಟು ಟೀಕಿಸಿದಾಗ ರಾಜೀನಾಮೆ ಕೊಟ್ಟರು, ಕೆಲವೇ ದಿನಗಳಲ್ಲಿ ಹಿಂಪಡೆದರು. 1988ರಲ್ಲಿ ಫೋನ್ ಕದ್ದಾಲಿಕೆ ಆರೋಪದ ಮೇಲೆ ನಿಜಕ್ಕೂ ಇಳಿದರು. ನಾಚಿಕೆಗಿಂತ ಹೆಚ್ಚು ಉಳಿದದ್ದು ಅವರ ಸರ್ಕಾರ ತಂದ 1984ರ ಲೋಕಾಯುಕ್ತ ಕಾಯ್ದೆ. ಅದರ ಕೈ ಕಟ್ಟಲು 2016ರಲ್ಲಿ ಎಸಿಬಿ ಎಂಬ ಬೇರೆ ದಳ ಮಾಡಿದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿ ಪೊಲೀಸ್ ಅಧಿಕಾರವನ್ನು ಲೋಕಾಯುಕ್ತಕ್ಕೆ ವಾಪಸ್ ಕೊಟ್ಟಿತು. ಯಾವ ನಾಯಕ ಒಳ್ಳೆಯವನು ಅಂತ ಹುಡುಕುವ ಬದಲು ಇಂಥ ಕಾಯ್ದೆಯ ಹಲ್ಲು ಯಾರು ಕೀಳುತ್ತಿದ್ದಾರೆ ಅಂತ ನೋಡುತ್ತಿರಿ.

ಪ್ರಶ್ನೆ: ಒಂದು ಕಚೇರಿಯಲ್ಲಿ ಬೇರೆ ದಾರಿ ಕಾಣದೆ ದುಡ್ಡು ಕೊಟ್ಟೆ. ಈಗ ದೂರು ಕೊಟ್ಟರೆ ನಾನೇ ಸಿಕ್ಕಿಬೀಳುತ್ತೇನಾ?
– ಕಾರವಾರ

ಉತ್ತರ: ಇದಕ್ಕೆ ಅಂಕಣ ಅಚ್ಚಾಗುವವರೆಗೆ ಕಾಯದೆ ಅಂದೇ ಫೋನ್ ಮಾಡಿ ಹೇಳಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತೇನೆ. 2018ರಿಂದ ಲಂಚ ಕೊಡುವುದೂ ನೇರ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಈ ಶಿಕ್ಷೆ ಅನ್ವಯಿಸುವುದಿಲ್ಲ. ರಾಜ್ಯ ಸರ್ಕಾರದ ಕಚೇರಿಯಾದರೆ ಕಾರವಾರದ ಲೋಕಾಯುಕ್ತ ಪೊಲೀಸರ ಬಳಿ, ಕೇಂದ್ರದ್ದಾದರೆ ಸಿಬಿಐಗೆ. ಎಂಟನೇ ದಿನ ನನ್ನ ಬಳಿ ಬಂದರೆ ನಾನು ಸಹಾಯ ಮಾಡುವುದು ಕಷ್ಟ.