ಊರ ಸುದ್ದಿಯ ಪುಟಗಳು ಯಾರಿಗಾಗಿ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕೊಡಗಿನ ಸಿದ್ದಾಪುರದ ಕಡೆಯ ಹೊಳೆದಂಡೆಯ ಊರಿನಿಂದ ತಾವು ಬರೆದ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಪ್ರಕಟಿಸಲು ಸ್ಥಳ ಸಾಲದು, ಆದ್ದರಿಂದ ಅದರ ಸಾರವನ್ನು ಮೊದಲು ಉಳಿದ ಓದುಗರ ಮುಂದಿಡುತ್ತೇನೆ. ನಮ್ಮ ಮಾಸಪತ್ರಿಕೆಯ ಕೊನೆಯ ಪುಟಗಳಲ್ಲಿ ಬರುವ ಊರ ಸುದ್ದಿಯೂ ಮುಂದಿನ ತಿಂಗಳ ಕಾರ್ಯಕ್ರಮಗಳ ವಿವರವೂ ಸೂಚನಾ ಫಲಕಕ್ಕೆ ಸೇರಬೇಕಾದವು, ಪತ್ರಿಕೆಗಲ್ಲ ಎಂಬುದು ತಮ್ಮ ಮೊದಲ ಆಕ್ಷೇಪ. ದೇವರ ಹಬ್ಬ, ಗ್ರಾಮಸಭೆ, ಕ್ರೀಡಾಕೂಟಗಳ ಸುದ್ದಿಯೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಆ ಕ್ಷಣವೇ ಸಿಗುವಾಗ ಅದನ್ನು ತಿಂಗಳಿಗೊಮ್ಮೆ ಅಚ್ಚು ಹಾಕುವುದು ಕಾಗದ ವ್ಯರ್ಥ ಮಾಡಿದಂತೆ ಎಂಬುದು ಎರಡನೆಯದು. ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಟ್ರಿಸ್ಟನ್ ಡ ಕುನ್ಹಾ ದ್ವೀಪದ ಲೇಖನ ಸಮುದ್ರವೇ ಇಲ್ಲದ ಕೊಡಗಿಗೆ ಸಂಬಂಧಿಸಿದ್ದಲ್ಲ ಎಂಬುದು ಮೂರನೆಯದು. ಆ ಪುಟಗಳನ್ನು ಕಾಡಾನೆ ಹಾವಳಿಗೂ ಕಾಫಿ ಬೆಳೆಗಾರರ ಸಂಕಷ್ಟಕ್ಕೂ ಮೀಸಲಿಡಬೇಕೆಂದು ತಾವು ಸಲಹೆ ಮಾಡಿದ್ದೀರಿ.

ಕಾಡಾನೆ ಮತ್ತು ಕಾಫಿಯ ವಿಷಯದಲ್ಲಿ ತಮಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಅವು ಪತ್ರಿಕೆಯ ಮುಂದಿನ ಪುಟಗಳಲ್ಲಿ ಬರುತ್ತಿವೆ, ಇನ್ನೂ ಹೆಚ್ಚಾಗಿ ಬರಬೇಕು ಎಂಬುದನ್ನೂ ಒಪ್ಪುತ್ತೇನೆ. ಆದರೆ ಅದಕ್ಕಾಗಿ ಊರ ಸುದ್ದಿಯನ್ನು ಕೈಬಿಡಲು ನಾನು ಸಿದ್ಧನಿಲ್ಲ. ಅದರ ಕಾರಣವನ್ನು ತಾವು ಆಕ್ಷೇಪಿಸಿದ ಆ ದ್ವೀಪದಿಂದಲೇ ಆರಂಭಿಸಿ ಹೇಳುವುದು ಸೂಕ್ತವೆನಿಸುತ್ತದೆ.

ಟ್ರಿಸ್ಟನ್ ಡ ಕುನ್ಹಾ ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಇದೆ. ಜನವಸತಿಯಿರುವ ಅತಿ ಹತ್ತಿರದ ನೆಲವೆಂದರೆ ಸುಮಾರು 2,400 ಕಿಲೋಮೀಟರ್ ದೂರದ ಸೇಂಟ್ ಹೆಲೆನಾ ದ್ವೀಪ. ಟ್ರಿಸ್ಟನ್‌ನಲ್ಲಿ ವಿಮಾನ ನಿಲ್ದಾಣವಿಲ್ಲ, ಕೇಪ್‌ಟೌನಿನಿಂದ ಹೊರಟ ಹಡಗು ಒಂದು ವಾರದಷ್ಟು ಪ್ರಯಾಣ ಮಾಡಿ ಬಂದರೂ, ಬಂದರು ಚಿಕ್ಕದಾದ್ದರಿಂದ, ಸಮುದ್ರ ಒರಟಾಗಿದ್ದರೆ ದೂರದಲ್ಲಿಯೇ ಲಂಗರು ಹಾಕಿ ಕಾಯಬೇಕಾಗುತ್ತದೆ. ಇಡೀ ದ್ವೀಪಕ್ಕೆ ಇರುವುದು ಒಂದೇ ಊರು, ಅದರ ಜನಸಂಖ್ಯೆ 250ನ್ನೂ ಮುಟ್ಟುವುದಿಲ್ಲ. ಇಂತಹ ಕಡೆ ಮುಂದೆ ಏನು ನಡೆಯಲಿದೆ ಎಂಬ ತಿಳಿವಳಿಕೆಯ ಮೇಲೆಯೇ ಬದುಕು ನಿಂತಿರುತ್ತದೆ. ಹಡಗು ಯಾವಾಗ ಬರುತ್ತದೆ, ಅದರಲ್ಲಿ ಯಾರಿಗೆ ಜಾಗವಿದೆ, ಆಸ್ಪತ್ರೆಗೆ ಹೋಗಬೇಕಾದವರು ಯಾವ ದಿನ ಸಿದ್ಧರಾಗಿರಬೇಕು ಎಂಬುದು ಒಬ್ಬರಿಗೆ ತಿಳಿಯದೆ ಹೋದರೆ ಅವರು ಮುಂದಿನ ಹಡಗಿಗಾಗಿ ಎಷ್ಟೋ ವಾರ ಕಾಯಬೇಕು. ಲಾಬ್‌ಸ್ಟರ್ ಹಿಡಿಯಲು ಸಮುದ್ರ ಅನುಕೂಲವಾಗಿರುವ ದಿನ ಮುಂಜಾನೆಯೇ ಊರಿನಲ್ಲಿ ತೂಗುಹಾಕಿದ ಖಾಲಿ ಗ್ಯಾಸ್ ಸಿಲಿಂಡರನ್ನು ಬಡಿದು ಎಲ್ಲ ಮನೆಗಳಿಗೂ ತಿಳಿಸುವ ಪದ್ಧತಿ ಅಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ನೆಲೆಸಿದ್ದ ನೌಕಾಪಡೆಯ ಹವಾಮಾನ ಕೇಂದ್ರದ ಅಲನ್ ಕ್ರಾಫರ್ಡ್ ಆ ಚಿಕ್ಕ ಊರಿಗೂ ಒಂದು ಸುದ್ದಿ ಹಾಳೆಯನ್ನು ಹೊರಡಿಸಿದರು.

ಇನ್ನೂ ಚಿಕ್ಕದಾದ ಉದಾಹರಣೆಯೂ ಇದೆ. ಶಾಂತಸಾಗರದ ಪಿಟ್‌ಕೇರ್ನ್ ದ್ವೀಪದಲ್ಲಿ ವಾಸವಾಗಿರುವವರು ಸುಮಾರು 50 ಮಂದಿ, ಆದರೂ 1959ರಲ್ಲಿ ಆರಂಭವಾದ ಸುದ್ದಿಪತ್ರವೊಂದು ಅವರಿಗಿದೆ. 50 ಜನರಿರುವಲ್ಲಿ ಎಲ್ಲರ ವಿಷಯವೂ ಎಲ್ಲರಿಗೂ ಗೊತ್ತಿರುತ್ತದೆ, ಮತ್ತೆ ಬರೆಯುವುದೇಕೆ ಎಂದು ಕೇಳಬಹುದು. ಪರಸ್ಪರ ಪರಿಚಯವಿರುವುದು ಬೇರೆ, ಇಂತಹ ದಿನ ಇಂತಹ ಹೊತ್ತಿಗೆ ಎಲ್ಲರೂ ಸೇರುತ್ತೇವೆ ಎಂದು ನಿಶ್ಚಯಿಸಿ, ಎಲ್ಲರಿಗೂ ಒಂದೇ ರೀತಿಯಲ್ಲಿ ತಿಳಿಸಿ, ಅದನ್ನು ಬರಹದಲ್ಲಿ ಉಳಿಸುವುದು ಬೇರೆ. ಬಾಯಿಂದ ಬಾಯಿಗೆ ಹೋಗುವ ಸುದ್ದಿ ಬಂಧುಬಳಗ ಹೆಚ್ಚಿರುವ ಮನೆಗೆ ಬೇಗ ತಲುಪುತ್ತದೆ, ಒಂಟಿಯಾಗಿರುವ ವೃದ್ಧರ ಮನೆಗೆ ಕೊನೆಗೆ ತಲುಪುತ್ತದೆ ಅಥವಾ ತಲುಪುವುದೇ ಇಲ್ಲ. ಅಚ್ಚಾದ ಸುದ್ದಿಗೆ ಆ ತಾರತಮ್ಯವಿಲ್ಲ.

ಕೊಡಗಿಗೆ ಸಮುದ್ರವಿಲ್ಲ ಎಂದಿರಿ. ಆದರೆ ಹೊಳೆದಂಡೆಯಲ್ಲಿ ಬಾಳುವ ತಮಗೆ ಮಳೆ ಜೋರಾಗಿರುವ ಕಕ್ಕಡ ಮಾಸದ ಕೊಡಗು ಹೇಗಿರುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಕಾವೇರಿಯೂ ಕನ್ನಿಕೆಯೂ ಒಟ್ಟಿಗೆ ಉಕ್ಕಿದಾಗ ಅಲ್ಲಿನ ರಸ್ತೆಗಳು ಮುಳುಗಿ ಊರು ಬೇರ್ಪಡುತ್ತಿದ್ದುದರಿಂದಲೇ ಅಲ್ಲಿ ಮೇಲ್ಸೇತುವೆ ಕಟ್ಟಬೇಕಾಯಿತು. ಕರಡಿಗೋಡು, ನೆಲ್ಯಹುದಿಕೇರಿಯ ಕಡೆಗಳಲ್ಲಿ ನೀರು ಏರಿದಾಗ ಮನೆ ಬಿಟ್ಟು ಹೊರಡುವ ಕುಟುಂಬಗಳು ಎಷ್ಟೋ ಇವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಕಡಿದುಹೋದಾಗ, ಮಕ್ಕಂದೂರು, ಮುವತ್ತೊಕ್ಲು, ಹೆಬ್ಬೆಟ್ಟಗೇರಿಗಳ ಸುತ್ತ ಊರಿಗೆ ಊರೇ ಹೊರಜಗತ್ತಿನಿಂದ ಪ್ರತ್ಯೇಕಗೊಂಡಾಗ, ನಾವು ಸಮುದ್ರವಿಲ್ಲದ ದ್ವೀಪಗಳಲ್ಲಿಯೇ ಇದ್ದೆವು. ವರ್ಷದಲ್ಲಿ ಕೆಲವು ವಾರವಾದರೂ ದ್ವೀಪವಾಸಿಗಳಾಗುವ ಜನ, ವರ್ಷವಿಡೀ ದ್ವೀಪವಾಸಿಗಳಾಗಿರುವವರಿಂದ ಕಲಿಯುವುದು ಬಹಳ ಇದೆ ಎಂಬ ನಂಬಿಕೆಯಿಂದಲೇ ಆ ಲೇಖನವನ್ನು ಪ್ರಕಟಿಸಿದೆ.

ಈಗ ವಾಟ್ಸ್‌ಆ್ಯಪ್‌ನ ವಿಷಯ. ಅದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. 2018ರಲ್ಲಿ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬ ಮಾಹಿತಿ ಎಷ್ಟೋ ಕಡೆ ಅದರ ಮೂಲಕವೇ ಹರಿದಾಡಿತು. ಆದರೆ ನಮ್ಮ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನದಲ್ಲಿ ಮೊಬೈಲಿನ ಚಾರ್ಜ್ ಮುಗಿಯುತ್ತದೆ, ಡೀಸೆಲ್ ತೀರಿದರೆ ಟವರ್ ನಿಲ್ಲುತ್ತದೆ. ಸುದ್ದಿ ಅತ್ಯಂತ ಅಗತ್ಯವಾದ ಹೊತ್ತಿಗೇ ಅದು ಕೈಕೊಡುತ್ತದೆ. ಅದಕ್ಕಿಂತಲೂ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇಸವಿಯಿಲ್ಲದ ಸೂಚನೆಗಳು. ಯಾವುದೋ ವರ್ಷದ ಪ್ರವಾಹದ ದೃಶ್ಯ, ಎರಡು ವರ್ಷ ಹಿಂದಿನ ಶಾಲಾ ರಜೆಯ ಆದೇಶ, ಮುಗಿದುಹೋದ ವೈದ್ಯಕೀಯ ಶಿಬಿರದ ಆಹ್ವಾನ, ಇವೆಲ್ಲ ಪ್ರತಿ ಮಳೆಗಾಲದಲ್ಲೂ ಹೊಸದೆಂಬಂತೆ ಮರಳಿ ಬರುತ್ತವೆ. ಶಿಬಿರವಿದೆ ಎಂದು ನಂಬಿ ಜೀಪಿಗೆ ಬಾಡಿಗೆ ಕೊಟ್ಟು ಪಟ್ಟಣಕ್ಕೆ ಬಂದ ತೋಟ ಕಾರ್ಮಿಕರಿಗೆ ಅಂದಿನ ಕೂಲಿಯೂ ಹೋಗುತ್ತದೆ, ಬಾಡಿಗೆಯೂ ಹೋಗುತ್ತದೆ. ನಮ್ಮ ಪುಟದಲ್ಲಿ ಬರುವ ಪ್ರತಿಯೊಂದು ಕಾರ್ಯಕ್ರಮದ ದಿನ, ವಾರ, ಇಸವಿ, ಸ್ಥಳಗಳನ್ನು ಆಯೋಜಕರಿಂದಲೇ ಕೇಳಿ ದೃಢಪಡಿಸಿಕೊಂಡ ಮೇಲೆ ಅಚ್ಚಿಗೆ ಕಳುಹಿಸುತ್ತೇವೆ. ಈ ಕೆಲಸ ನಿಧಾನದ್ದು, ಹಾಗಿರುವುದೇ ಅದರ ಬೆಲೆ.

ಒಂದು ಘೋಷಣೆಗಾಗಿ ಇಡೀ ನಾಡು ಕಾಯುವ ಸಂಪ್ರದಾಯ ಕೊಡಗಿಗೆ ಹೊಸದೂ ಅಲ್ಲ. ಹೊಸ ಭತ್ತದ ಕೊಯ್ಲಿನ ಹಬ್ಬವಾದ ಹುತ್ತರಿಯನ್ನೇ ನೋಡಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಅಮ್ಮಂಗೇರಿ ಜ್ಯೋತಿಷ್ಯರು ತಕ್ಕಮುಖ್ಯಸ್ಥರ ಸಮ್ಮುಖದಲ್ಲಿ ದಿನವನ್ನೂ ಮುಹೂರ್ತವನ್ನೂ ಗೊತ್ತುಮಾಡುತ್ತಾರೆ. ನೆರೆ (ಎಲೆಗಳ ಕಟ್ಟು) ಕಟ್ಟುವ ಹೊತ್ತು, ಕದಿರು (ಭತ್ತದ ತೆನೆ) ತೆಗೆಯುವ ಹೊತ್ತು, ಪ್ರಸಾದ ಸ್ವೀಕರಿಸುವ ಹೊತ್ತು ಇವುಗಳನ್ನು ದೇವಾಲಯಕ್ಕೆ ಬೇರೆಯಾಗಿ, ನಾಡಿನ ಜನರಿಗೆ ಬೇರೆಯಾಗಿ ನಿಗದಿಪಡಿಸಿ ಪ್ರಕಟಿಸುತ್ತಾರೆ. ಆ ಹೊತ್ತನ್ನು ತಿಳಿದುಕೊಂಡು ಕುಟುಂಬದ ಮೂಲ ಮನೆಯಾದ ಐನ್‌ಮನೆಗೆ ಹೊರಡುವವರು ಬೆಂಗಳೂರಿನಲ್ಲಿದ್ದಾರೆ, ಸೈನ್ಯದಲ್ಲಿದ್ದಾರೆ, ಗಲ್ಫ್ ದೇಶಗಳಲ್ಲಿದ್ದಾರೆ, ಅವರಿಗೆ ರಜೆ ಸಿಗಬೇಕಾದರೆ ದಿನ ಮೊದಲೇ ಗೊತ್ತಾಗಬೇಕು. ತುಲಾ ಸಂಕ್ರಮಣದ ತೀರ್ಥೋದ್ಭವವೂ ಹಾಗೆಯೇ: ಅಕ್ಟೋಬರ್ ಮಧ್ಯದಲ್ಲಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಆ ಗಳಿಗೆ ಒಂದು ವರ್ಷ ಮಧ್ಯಾಹ್ನ, ಮತ್ತೊಂದು ವರ್ಷ ನಡುರಾತ್ರಿ. ವಯಸ್ಸಾದ ತಾಯಿಯನ್ನು ತಲಕಾವೇರಿಗೆ ಕರೆದೊಯ್ಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಕರಡದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇಂದು ನೂರಾರು ತಂಡಗಳ ಹಬ್ಬವಾಗಿ ಬೆಳೆದಿರುವುದಕ್ಕೆ ಆಟದ ಮೇಲಿನ ಪ್ರೀತಿ ಎಷ್ಟು ಕಾರಣವೋ, ಮುಂದಿನ ಆತಿಥ್ಯ ಯಾವ ಒಕ್ಕದ್ದು (ಮನೆತನದ್ದು), ಯಾವ ಮೈದಾನದಲ್ಲಿ ಎಂಬುದು ಬಹಳ ಮೊದಲೇ ಮನೆಮನೆಗೂ ತಿಳಿಯುವುದು ಅಷ್ಟೇ ಕಾರಣವೆಂದು ನನ್ನ ಎಣಿಕೆ.

ಟ್ರಿಸ್ಟನ್ ದ್ವೀಪದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. 1961ರ ಅಕ್ಟೋಬರ್‌ನಲ್ಲಿ ಊರಿನ ಪಕ್ಕದಲ್ಲಿಯೇ ಜ್ವಾಲಾಮುಖಿ ಬಾಯಿತೆರೆದು, ದ್ವೀಪದ ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಬೇಕಾಯಿತು. ಕ್ಯಾಲ್‌ಶಾಟ್ ಎಂಬಲ್ಲಿ ಅವರಿಗೆ ವಸತಿ, ಕೆಲಸ, ಶಾಲೆ ಎಲ್ಲವೂ ದೊರೆತವು. ಆದರೂ 1962ರ ಕೊನೆಯಲ್ಲಿ ಮತ ಹಾಕಿದಾಗ ಹಿಂತಿರುಗಬೇಕೆಂದವರು 148 ಮಂದಿ, ಬೇಡವೆಂದವರು 5 ಮಂದಿ ಮಾತ್ರ. 1963ರಲ್ಲಿ ಬಹುತೇಕ ಜನ ಮರಳಿದರು. ಪರದೇಶದಲ್ಲಿ ಒಟ್ಟಾಗಿ ಒಂದೇ ಕಡೆ ಉಳಿದು, ಸಭೆ ಸೇರಿ, ಮುಂದಿನದನ್ನು ಕೂಡಿ ನಿರ್ಧರಿಸುತ್ತಿದ್ದುದರಿಂದಲೇ ಅವರು ಒಂದು ಊರಾಗಿ ಉಳಿದರೆಂದು ನಾನು ಅರ್ಥ ಮಾಡಿಕೊಂಡಿದ್ದೇನೆ. 2018ರ ನಂತರ ನಮ್ಮಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಹೊಸ ಮನೆಗಳು ಸಿಕ್ಕವು. ಹಲವರು ಬಾಡಿಗೆ ಮನೆ ಹಿಡಿದು ಕುಶಾಲನಗರಕ್ಕೋ ಮೈಸೂರಿಗೋ ಹೋದರು. ನೆರೆಹೊರೆ ಚದುರಿತು. ಅವರ ಹಳೆಯ ಊರಿನ ದೇವರ ಹಬ್ಬ ಇಂತಹ ದಿನವಿದೆ ಎಂಬ ಎರಡು ಸಾಲು ನಮ್ಮ ಪುಟದಲ್ಲಿ ಬಂದರೆ, ಚದುರಿದವರು ಒಂದು ದಿನದ ಮಟ್ಟಿಗಾದರೂ ಅಲ್ಲಿ ಸೇರುತ್ತಾರೆ. ತಮಗೆ ಜಾಗ ವ್ಯರ್ಥವೆಂದು ತೋರಿದ ಸಾಲುಗಳಲ್ಲಿ ಇಂತಹವೂ ಇವೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ನನ್ನ ಮನಸ್ಸಿನಲ್ಲಿರುವ ಕೊರಗು ತಮ್ಮ ಆಕ್ಷೇಪಕ್ಕೆ ವಿರುದ್ಧ ದಿಕ್ಕಿನದು. ಈ ಪುಟಗಳು ಹೆಚ್ಚಾಗಿಲ್ಲ, ಸಾಲುತ್ತಿಲ್ಲ. ಸಂಘ, ಸಮಾಜ, ದೇವಸ್ಥಾನ ಸಮಿತಿಗಳಿರುವವರು ವಿವರವನ್ನು ಅಚ್ಚುಕಟ್ಟಾಗಿ ಕಳುಹಿಸುತ್ತಾರೆ, ಅದು ಪ್ರಕಟವಾಗುತ್ತದೆ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ನಡೆಯುವ ಮಾರಿಯಮ್ಮನ ಪೂಜೆ, ಹಾಡಿಗಳಲ್ಲಿ ಜೇನುಕುರುಬರೂ ಯರವರೂ ಆಚರಿಸುವ ಹಬ್ಬಗಳು, ಹಾಡಿಯ ಅಂಗನವಾಡಿಯಲ್ಲಿ ನಡೆಯುವ ಲಸಿಕೆಯ ದಿನ, ಅರಣ್ಯ ಹಕ್ಕು ಅರ್ಜಿಗಳ ಸಭೆ, ಇವುಗಳ ವಿವರ ನಮ್ಮ ಮೇಜಿಗೆ ಬರುವುದು ಅಪರೂಪ. ದೇವರಪುರದ ಬೇಡು ಹಬ್ಬದಂತಹ ಕೆಲವಕ್ಕೆ ಮಾತ್ರ ಎಲ್ಲ ಪತ್ರಿಕೆಗಳಲ್ಲೂ ಚಿತ್ರ ಸಹಿತ ಸ್ಥಳ ಸಿಗುತ್ತದೆ, ಅದೂ ಹಬ್ಬ ಮುಗಿದ ಮೇಲೆ, ನೋಡುವವರ ಕುತೂಹಲಕ್ಕಾಗಿ. ಆಚರಿಸುವವರ ಅನುಕೂಲಕ್ಕಾಗಿ ಮುಂಚಿತವಾಗಿ ಬರೆಯುವವರು ಕಡಿಮೆ. ಪುಟ್ಟ ದ್ವೀಪದಲ್ಲಿ ಹೀಗೆ ಕೆಲವರನ್ನು ಬಿಟ್ಟು ಸುದ್ದಿ ಹೊರಡಿಸುವುದು ಸಾಧ್ಯವೇ ಇಲ್ಲ, ಏಕೆಂದರೆ ದೋಣಿ ದಡಕ್ಕೆಳೆಯುವಾಗ ಎಲ್ಲರ ಕೈಯೂ ಬೇಕು. ನಮ್ಮ ಕಾಫಿ ಕೊಯ್ಲಿಗೂ ಬೇಕಾದ ಕೈಗಳೇ ಅವು, ಅವರ ಹಬ್ಬದ ದಿನ ನಮ್ಮ ಪುಟದಲ್ಲಿ ಇರಲೇಬೇಕು.

ಆದ್ದರಿಂದ ಮುಂದಿನ ಸಂಚಿಕೆಯಿಂದ ಈ ವಿಭಾಗಕ್ಕೆ ಒಂದು ಪುಟ ಹೆಚ್ಚಿಸುತ್ತಿದ್ದೇವೆ. ಬರವಣಿಗೆ ಕಷ್ಟವೆನಿಸುವವರು ಫೋನಿನಲ್ಲಿ ಹೇಳಿದರೂ ಬರೆದುಕೊಳ್ಳಲು ಕಚೇರಿಯಲ್ಲಿ ವ್ಯವಸ್ಥೆ ಮಾಡಲಾಗಿದೆ. ಕಕ್ಕಡ 18, ಕೈಲ್ ಮುಹೂರ್ತ, ದಸರಾ, ತುಲಾ ಸಂಕ್ರಮಣಗಳ ಜೊತೆಗೆ ಪ್ರತಿ ಗ್ರಾಮ ಪಂಚಾಯಿತಿಯ ಗ್ರಾಮಸಭೆಯ ದಿನವನ್ನೂ ತಪ್ಪದೆ ಕೊಡುತ್ತೇವೆ. ಹಬ್ಬಕ್ಕೆ ಹೋಗದಿದ್ದರೆ ಊಟ ತಪ್ಪೀತು, ಗ್ರಾಮಸಭೆಗೆ ಹೋಗದಿದ್ದರೆ ಕಾಲುಸಂಕವೇ ತಪ್ಪಿಹೋಗುತ್ತದೆ. ಯಾರ ಮನೆಯ ದುಃಖವನ್ನೂ ಕುಟುಂಬದವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದಿಲ್ಲ ಎಂಬ ನಿಯಮ ಈಗಿನಂತೆಯೇ ಮುಂದುವರಿಯುತ್ತದೆ. ಚಿಕ್ಕ ಸಮುದಾಯದಲ್ಲಿ ಹೆಸರು ಹಾಕದಿದ್ದರೂ ಯಾರ ವಿಷಯವೆಂದು ಎಲ್ಲರಿಗೂ ತಿಳಿಯುತ್ತದೆ, ಈ ಎಚ್ಚರ ದೊಡ್ಡ ನಗರದ ಪತ್ರಿಕೆಗಿಂತ ನಮಗೆ ಹೆಚ್ಚು ಬೇಕು.

ತಮ್ಮಲ್ಲಿ ಒಂದು ಕೋರಿಕೆಯಿದೆ. ಹೊಳೆ ಏರಿದಾಗ ತಮ್ಮ ಊರಿನಲ್ಲಿ ಯಾವ ರಸ್ತೆ ಮೊದಲು ಮುಳುಗುತ್ತದೆ, ವೃದ್ಧರನ್ನೂ ಗರ್ಭಿಣಿಯರನ್ನೂ ಯಾವ ದಾರಿಯಲ್ಲಿ ಕರೆತರುತ್ತಾರೆ, ಕಳೆದ ಸಲ ಪರಿಹಾರ ಕೇಂದ್ರ ಎಲ್ಲಿ ತೆರೆದಿತ್ತು ಎಂಬ ವಿವರಗಳನ್ನು ತಮ್ಮಷ್ಟು ಸ್ಪಷ್ಟವಾಗಿ ಬರೆಯಬಲ್ಲವರು ನಮಗೆ ಆ ಕಡೆ ಇಲ್ಲ. ಅದನ್ನು ಬರೆದು ಕಳುಹಿಸಿದರೆ ಮಳೆಗಾಲ ಆರಂಭವಾಗುವ ಮೊದಲಿನ ಸಂಚಿಕೆಯಲ್ಲಿ, ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವಂತೆ, ಪೂರ್ಣ ಪುಟದಲ್ಲಿ ಪ್ರಕಟಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಚೆ ತಡವಾಗುವುದರಿಂದ ಆ ತಿಂಗಳುಗಳ ವಿವರಗಳು ಹಿಂದಿನ ತಿಂಗಳ 15ರೊಳಗೆ ನಮಗೆ ತಲುಪಬೇಕು, ಉಳಿದ ತಿಂಗಳುಗಳಲ್ಲಿ 20ರವರೆಗೆ ಅವಕಾಶವಿದೆ.

ತಮ್ಮ ವಿಶ್ವಾಸಿ,
ಸಂಪಾದಕ