ಹೆಸರುಗಳಲ್ಲಿ ದೊಡ್ಡಕ್ಷರ–ಸಣ್ಣಕ್ಷರಗಳ ಭೇದ ಬೇಕೇ?

ಪೈಥಾನ್ ಕಲಿಯುವಾಗ ‘ಟೋಟಲ್’ ಎಂಬ ಹೆಸರನ್ನು ಒಂದು ಕಡೆ ಸಣ್ಣ ‘ಟಿ’ಯಿಂದಲೂ ಇನ್ನೊಂದು ಕಡೆ ದೊಡ್ಡ ‘ಟಿ’ಯಿಂದಲೂ ಬರೆದದ್ದರಿಂದ ನಿಮ್ಮ ಲೆಕ್ಕ ತಪ್ಪಿತೆಂದೂ, ಪ್ರೋಗ್ರಾಮಿಂಗ್ ಭಾಷೆಗಳು ಈ ಭೇದವನ್ನೇಕೆ ಕೈಬಿಡಬಾರದೆಂದೂ ಕೇಳಿದ್ದೀರಿ. ದೊಡ್ಡದು, ಸಣ್ಣದು ಎಂಬುದೇ ಇಲ್ಲದ ಕನ್ನಡ ಅಕ್ಷರಮಾಲೆಯಲ್ಲಿ ಓದು ಕಲಿತ ನನಗೂ ಮೊದಮೊದಲು ಇದು ವೃಥಾ ತೊಡಕೆನಿಸಿತ್ತು. ಈಗ ಭೇದ ಇರಲೇಬೇಕೆಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

1957ರ ಫೋರ್ಟ್ರಾನ್ ಭಾಷೆಗೆ ಈ ಪ್ರಶ್ನೆಯೇ ಎದುರಾಗಲಿಲ್ಲ. ಪ್ರೋಗ್ರಾಮನ್ನು ತೂತುಗಳಾಗಿ ದಾಖಲಿಸುವ ಆಗಿನ ಪಂಚ್ ಕಾರ್ಡುಗಳಲ್ಲಿ ಬಳಸುತ್ತಿದ್ದದ್ದು ದೊಡ್ಡಕ್ಷರಗಳನ್ನು ಮಾತ್ರ. ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ 1963ರ ಆಸ್ಕಿ ಸಂಕೇತದಲ್ಲೂ ಸಣ್ಣಕ್ಷರಗಳಿರಲಿಲ್ಲ, ಅವು ಸೇರಿದ್ದು 1967ರ ಪರಿಷ್ಕರಣೆಯಲ್ಲಿ. ಅನಂತರ ಬಂದ ಸಿ ಭಾಷೆ ಎರಡನ್ನೂ ಬೇರೆಯೆಂದು ಎಣಿಸಿತು. ಪಾಸ್ಕಲ್, ಅಡಾ, ಎಸ್‌ಕ್ಯೂಎಲ್‌ಗಳು ಒಂದೇ ಎಂದವು.

ಒಂದೇ ಎನ್ನುವುದು ಸುಲಭವೆಂದು ತೋರುತ್ತದೆ. ಆದರೆ ಯಾವ ದೊಡ್ಡಕ್ಷರಕ್ಕೆ ಯಾವ ಸಣ್ಣಕ್ಷರ ಜೋಡಿ ಎಂಬುದನ್ನು ನಿರ್ಧರಿಸುವುದು ಆಯಾ ಜನರ ನುಡಿ. ಟರ್ಕಿಶ್‌ನಲ್ಲಿ ‘ಐ’ ಅಕ್ಷರ ಎರಡು ಬಗೆ: ಒಂದಕ್ಕೆ ದೊಡ್ಡ ರೂಪದಲ್ಲೂ ಚುಕ್ಕೆ ಇರುತ್ತದೆ, ಇನ್ನೊಂದಕ್ಕೆ ಸಣ್ಣ ರೂಪದಲ್ಲೂ ಇರುವುದಿಲ್ಲ. ಹೀಗಾಗಿ, ಕ್ಲಾಸ್ (ಕೋಡಿನ ಒಂದು ಬಗೆಯ ಘಟಕ) ಹೆಸರುಗಳಲ್ಲಿ ಭೇದವೆಣಿಸದ ಪಿಎಚ್‌ಪಿ ಭಾಷೆಯಲ್ಲಿ ಲೊಕೇಲ್ ಅನ್ನು, ಅಂದರೆ ನುಡಿ–ನಾಡಿನ ಸೆಟ್ಟಿಂಗ್ ಅನ್ನು, ಟರ್ಕಿಶ್‌ಗೆ ಬದಲಿಸಿದರೆ, ದೊಡ್ಡ ‘ಐ’ ಇರುವ ಕ್ಲಾಸು ಕೋಡಿನಲ್ಲಿ ಕಣ್ಣೆದುರೇ ಇದ್ದರೂ ಸಿಗದೆ ಹೋಗುತ್ತಿತ್ತು. ಇದು ಸರಿಹೋದದ್ದು 2013ರ 5.5 ಆವೃತ್ತಿಯಲ್ಲಿ. ಯಾವ ನಾಡಿನ ಕಂಪ್ಯೂಟರಿನಲ್ಲಿ ಓಡಿಸುತ್ತೇವೆ ಎಂಬುದರ ಮೇಲೆ ಪ್ರೋಗ್ರಾಮಿನ ಅರ್ಥ ಬದಲಾಗುವುದನ್ನು ನಾನು ಒಪ್ಪಲಾರೆ.

ನಿಮ್ಮ ಲೆಕ್ಕ ತಪ್ಪಿದ್ದಕ್ಕೂ ನಿಜವಾದ ಕಾರಣ ಬೇರೆ. ಪೈಥಾನ್‌ನಲ್ಲಿ ವೇರಿಯಬಲ್ ಅನ್ನು (ಮೌಲ್ಯವನ್ನಿಡುವ ಹೆಸರನ್ನು) ಮೊದಲೇ ಘೋಷಿಸಬೇಕಾಗಿಲ್ಲ, ಮೌಲ್ಯ ನೀಡಿದೊಡನೆ ಹೊಸದೊಂದು ಹುಟ್ಟಿಕೊಳ್ಳುತ್ತದೆ; ಆದ್ದರಿಂದ ಬರೆಯುವಾಗ ಒಂದಕ್ಷರ ಬಿಟ್ಟುಹೋಗಿದ್ದರೂ ಇದೇ ಆಗುತ್ತಿತ್ತು. ಘೋಷಣೆ ಕಡ್ಡಾಯವಾಗಿರುವ ಸಿ, ಜಾವಾಗಳಲ್ಲಿ ಓಡಿಸುವ ಮೊದಲೇ ಕೋಡನ್ನು ಅನುವಾದಿಸುವ ಕಂಪೈಲರ್ ಆ ಸಾಲಿನಲ್ಲೇ ತಡೆಯುತ್ತದೆ. ಒಂದೇ ಫಂಕ್ಷನ್ನಿನೊಳಗೆ ಅಕ್ಷರದ ಗಾತ್ರದಲ್ಲಷ್ಟೇ ಬೇರೆಯಾಗುವ ಎರಡು ವೇರಿಯಬಲ್‌ಗಳು ಕಂಡರೆ ಎಚ್ಚರಿಸುವ ಏರ್ಪಾಡು ಎಲ್ಲ ಭಾಷೆಗಳಲ್ಲೂ ಇರಬೇಕೆಂದು ಮಾತ್ರ ಬಲವಾಗಿ ಬಯಸುತ್ತೇನೆ.

ಕಣ್ಣಿಗೆ ಬೇರೆಯಾಗಿ ಕಾಣುವ ಹೆಸರುಗಳು ಬೇರೆಯೇ ಆಗಿರಬೇಕು, ಒಂದೇ ಆಗಿ ಕಾಣುವವು ಒಂದೇ ಆಗಿರಬೇಕು ಎಂಬುದು ನನ್ನ ನಿಲುವು. ಕನ್ನಡದಲ್ಲೇ ಹೆಸರಿಡುವವರಿಗೆ ಇದರ ಎರಡನೆಯ ಭಾಗವೇ ಹೆಚ್ಚು ಮುಖ್ಯ. ‘ಕೊಡ’ ಎಂಬಲ್ಲಿಯ ಒತ್ವವನ್ನು, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪೈಥಾನ್ 3 ಇವೆರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸುತ್ತದೆ. ಜಾವಾಸ್ಕ್ರಿಪ್ಟ್ ಹಾಗೆ ಮಾಡದೆ, ತೆರೆಯ ಮೇಲೆ ಯಾವ ವ್ಯತ್ಯಾಸವೂ ಕಾಣದ ಈ ಎರಡನ್ನು ಬೇರೆ ಬೇರೆ ವೇರಿಯಬಲ್‌ಗಳೆಂದೇ ಎಣಿಸುತ್ತದೆ.